ಎಂಬತ್ತೇಳು ಡಿಗ್ರಿ

ಕೆಳಗೆ ಗುರಬಸವ್ವ ಅತ್ತಿಯ ಹಂಚು,
ಮೇಲೆ ತಗಡು ಹೊದ್ದ ಖೋಲಿಯಲ್ಲಿ ನನ್ನ ಲ್ಯಾಪ್‌ಟಾಪು.
ವಿಜಯಪುರದ ಮೇ ತಿಂಗಳು
ಇಬ್ಬರಿಗೂ ಅರ್ಧ ಉರಿ ಪುಕ್ಕಟೆ ಕೊಡುತ್ತದೆ.

ದಿನಕ್ಕೆ ಮುನ್ನೂರು ರೊಟ್ಟಿ ಆಕೆಯದು.
ದಿನಕ್ಕೆ ಒಂದು ಮದುವೆ ನನ್ನದು:
ಬೀಳುವ ಅಕ್ಕಿಕಾಳು ನಿಧಾನ ಮಾಡಬೇಕು,
ಮದುಮಗನ ಬೆವರು ಒರೆಸಬೇಕು,
ಸಿಟ್ಟಿಗೆದ್ದು ಬಾರದ ಸೋದರಮಾವನನ್ನು
ಬೇರೆ ಫೋಟೋದಿಂದ ಕತ್ತರಿಸಿ ತಂದು
ಮೂಲೆಯಲ್ಲಿ ನಿಲ್ಲಿಸಬೇಕು.

ಸೆಕೆಂಡ್‌ಹ್ಯಾಂಡ್ ಯಂತ್ರ. ಸೊಲ್ಲಾಪುರದ ಹುಡುಗನೊಬ್ಬ
ಆಟ ಆಡಿ ಆಡಿ ಬೇಸತ್ತು ಮಾರಿದ್ದು.
ಕೀಲಿಮಣೆಯಲ್ಲಿ ನಾಲ್ಕೇ ಅಕ್ಷರ ಸವೆದಿವೆ,
ಮುಂದೆ ಹಿಂದೆ ಎಡ ಬಲ ಓಡುವವು.
ನನಗೆ ಮುಂದಿನದಷ್ಟೇ ಸಾಕಿತ್ತು.

ನಾಳೆ ಒಂಬತ್ತಕ್ಕೆ ಬಾಗೇವಾಡಿಯವರ ಮದುವೆ ಕೊಡಬೇಕು.
ಗ್ರಾಫಿಕ್ಸ್ ಕಾರ್ಡಿನ ವೇಗ ಐವತ್ತು ಏರಿಸಿದೆ.
ಸುಮ್ಮನಿತ್ತು.
ನೂರು. ಸುಮ್ಮನಿತ್ತು.
ಸುಮ್ಮನಿದ್ದವರ ಮೇಲೆ ಇನ್ನಷ್ಟು ಹೇರುವ ಚಾಳಿ
ನನಗೆಲ್ಲಿಂದ ಬಂತೋ,
ನೂರಾ ಎಂಬತ್ತು ಅಂದೆ.

ಫ್ಯಾನು ಕಿರುಗುಟ್ಟಿತು,
ಗಿರಣಿಯ ಪಟ್ಟಾ ಜಾರಿದ ಹಾಗೆ.
ಎಪ್ಪತ್ತೊಂಬತ್ತು. ಎಂಬತ್ಮೂರು. ಎಂಬತ್ತೇಳು.
ಅಲ್ಲಿಗೆ ತನ್ನ ಕಾಲು ತಾನೇ ಹಿಡಿದುಕೊಂಡಿತು,
ಏರಿಸಿದ್ದಕ್ಕಿಂತ ಹೆಚ್ಚು ಇಳಿಯಿತು,
ಉಳಿದಿದ್ದ ಹನ್ನೆರಡು ನಿಮಿಷ ನಲವತ್ತಾಯಿತು.
ರಾತ್ರಿ ಎರಡಕ್ಕೆ ಮದುಮಗಳ ಗಲ್ಲದ ಮೇಲೆ
ಹಸಿರು ಚೌಕಗಳೆದ್ದವು,
ಅರಿಶಿನ ಹಚ್ಚಿದಲ್ಲೇ.
ಆಮೇಲೆ ಕಪ್ಪು.

ನನ್ನ ಬೈಗುಳ ಕೇಳಿ ಅತ್ತಿ ಮೆಟ್ಟಿಲೇರಿ ಬಂದಳು.
ಅಂಗೈ ಅಲ್ಲ, ಕೈಯ ಹಿಂಬದಿ ಇಟ್ಟು ನೋಡಿದಳು:
"ಇದರ ಮ್ಯಾಲ ರೊಟ್ಟಿ ಹಾಕಿದ್ರ ಉಬ್ಬೂದಿಲ್ಲ ತಂಗಿ,
ಕರಕ ಆಗತೈತಿ."

ಬೆಳಿಗ್ಗೆ, ಗಾಂಧಿ ಚೌಕದ ಹಿಂದಿನ ಓಣಿ,
ದಸ್ತಗೀರ ಮುಜಾವರರ ಅಂಗಡಿ.
ಹನ್ನೊಂದು ಸ್ಕ್ರೂ. ಒಂದು ಮೊದಲೇ ಇರಲಿಲ್ಲ.
ಬೆನ್ನು ಬಿಚ್ಚಿದವರು ಗಪ್ಪನೆ ನಕ್ಕುಬಿಟ್ಟರು.
ತಾಮ್ರದ ಹಲ್ಲುಸಂದಿಯಲ್ಲೆಲ್ಲ ಹಿಟ್ಟು.
ಜೋಳದ ಹಿಟ್ಟು. ಆರು ತಿಂಗಳ ರೊಟ್ಟಿಗಳ ಧೂಳು
ಮೇಲೇರಿ ಬಂದು ಕೂತು ಕಂಬಳಿಯಾಗಿದೆ.
"ನಿಮ್ಮ ಮಷೀನು ಹೊಟ್ಟಿತುಂಬ ಉಂಡದ ಬಿಡ್ರಿ."

ಒಣಗಿ ಸುಣ್ಣವಾದ ಪೇಸ್ಟು ಕೆರೆದು
ಹೊಸದು ಒತ್ತಿದರು, ಒಂದು ಜೋಳದ ಕಾಳಿನಷ್ಟು.
ಇನ್ನೂ ಸ್ವಲ್ಪ ಹಾಕ್ರಿ ಅಂದೆ.
"ಹೆಚ್ಚಾದ್ರ ಅದೇ ಗ್ವಾಡಿ ಆಗ್ತದ."

ಏರಿಸಿದ್ದನ್ನೆಲ್ಲ ಅಳಿಸಿ, ವೋಲ್ಟು ಇಳಿಸುತ್ತ ಕೇಳಿದರು:
"ಊರಾಗ ಕಲ್ಲಿನ ಗಂಜ್ ನೋಡೀರಲ್ಲ, ಸುಲ್ತಾನರ ಕಾಲದ್ದು,
ಯಾಕ ಕಟ್ಯಾರ?"
ನೀರು ಏರಿಸಾಕ, ಅಂದೆ.
ದಿನಾ ಅದರ ಪಕ್ಕದಲ್ಲೇ ಸ್ಕೂಟಿ ನಿಲ್ಲಿಸುವವಳು.
"ಒತ್ತಡ ಇಳಸಾಕ. ಇಲ್ಲಂದ್ರ ಮಣ್ಣಿನ ಕೊಳವಿ ನಡುದಾರ್ಯಾಗ ಒಡದು
ಊರ ತುದಿಗೆ ಹನಿ ಮುಟ್ಟೂದಿಲ್ಲ."

ಸಾವಿರದಿಂದ ಎಂಟುನೂರೈವತ್ತಕ್ಕೆ, ಮಿಲಿವೋಲ್ಟು.
ಕಡಿಮೆ ಉಣ್ಣಿಸಿದರೆ ಜೋರು ಓಡಿತು.
ನಂಬಲಾಗದೆ ಮೂರು ಸಲ ಓಡಿಸಿದೆ.
ಎಪ್ಪತ್ತೊಂದು, ಎಪ್ಪತ್ತೊಂದು, ಎಪ್ಪತ್ತು.

ಮದುವೆ ಮಾತ್ರ ತಡವೇ ಆಯಿತು.
ಬಾಗೇವಾಡಿಯ ಬೀಗರು ಐನೂರು ಮುರಿದುಕೊಂಡರು,
ಸೋದರಮಾವನ ನೆರಳು ಉಲ್ಟಾ ಬಿದ್ದಿದೆ ಎಂದು
ಇನ್ನೂರು.

ಈಗ ಲ್ಯಾಪ್‌ಟಾಪಿನಡಿ ರೊಟ್ಟಿಬುಟ್ಟಿ ಬೋರಲು,
ಬಿದಿರ ಸಂದಿಯಿಂದ ಗಾಳಿ ಬರುತ್ತದೆ.
ಮೆಟ್ಟಿಲ ಬಾಯಿಗೆ ಅತ್ತಿಯ ಹಳೆ ಇಳಕಲ್ ಸೀರೆ,
ಹಿಟ್ಟು ತಡೆಯಲಿಕ್ಕೆ.
ಹಿಟ್ಟು ಆದರೂ ಬರುತ್ತದೆ.
ಅಮಾವಾಸ್ಯೆಗೊಮ್ಮೆ ಬ್ರಷ್ಷು ಹಿಡಿದು ಕೂರುತ್ತೇನೆ.

ಹೊರಗೆ ನಲವತ್ತೆರಡು.
ಕೆಳಗಿಂದ ಹಂಚು ಬಡಿದು ಕೂಗುತ್ತಾಳೆ:
"ಎಷ್ಟಾತು ನಿಂದು?"
ಅರವತ್ತೆಂಟು, ಅತ್ತಿ.
"ಇಷ್ಟೊತ್ತಾದ್ರೂ ಅಷ್ಟ? ನಂದು ಇನ್ನೂರಾ ನಲವತ್ತು ನೋಡು."